ನಾನಾಗಿ ಹಾರಲಿಲ್ಲ

ನಾನು ಹುಟ್ಟಿದ್ದು ನನ್ನ ಅಪ್ಪನ ಬಾಯಿಯಲ್ಲಿ. ನಗಬೇಡಿ. ನಮ್ಮ ಅರೋವಾನಾ ಕುಲದಲ್ಲಿ ಅವ್ವ ಮೊಟ್ಟೆ ಇಟ್ಟು ತನ್ನ ಪಾಡಿಗೆ ತಾನು ಹೋಗುತ್ತಾಳೆ. ಅಷ್ಟೂ ಮೊಟ್ಟೆಯನ್ನು ಬಾಯಿಗೆ ತುಂಬಿಕೊಂಡು ಎರಡು ತಿಂಗಳು ಉಪವಾಸ ಬೀಳುವುದು ಅಪ್ಪ. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಬಾಣಂತನ ಗಂಡಸಿನ ಪಾಲಿಗೆ ಬಂದ ಜಾತಿ ನಮ್ಮದು.

ಊರು ದಕ್ಷಿಣ ಅಮೆರಿಕದ ಅಮೆಜಾನ್ ಹೊಳೆ. ಮಳೆಗಾಲದಲ್ಲಿ ಆ ಹೊಳೆ ಕಾಡಿನೊಳಕ್ಕೆ ನುಗ್ಗುತ್ತದಂತೆ, ಮರಗಳೆಲ್ಲ ಸೊಂಟದ ಮಟ್ಟ ನೀರಲ್ಲಿ ನಿಲ್ಲುತ್ತವಂತೆ. ಕೊಂಬೆಯ ಮೇಲೆ ಕೂತ ಜೀರುಂಡೆಗೆ ನೀರಿನೊಳಗಿಂದಲೇ ಗುರಿಯಿಟ್ಟು, ಆಳೆತ್ತರ ಹಾರಿ ಹಿಡಿಯುವುದು ನಮ್ಮವರ ಕಸುಬು. ನಾನು ಅಲ್ಲಿ ಒಂದು ಜೀರುಂಡೆಯನ್ನೂ ಹಿಡಿದವನಲ್ಲ. ಕಸುಬು ಮಾತ್ರ ಮೈಯಲ್ಲೇ ಬಂತು.

ನಾವಿನ್ನೂ ಹೊಟ್ಟೆಗೆ ಅಂಟಿದ ಹಳದಿ ಚೀಲ ಹೊತ್ತುಕೊಂಡಿದ್ದ ಹಸುಳೆಗಳು. ಒಂದು ಬೆಳಿಗ್ಗೆ ದೋಣಿಯಲ್ಲಿ ಬಂದ ಇಬ್ಬರು ಅಪ್ಪನಿಗೆ ಬಲೆ ಹಾಕಿದರು. ಕೆಳದವಡೆ ಹಿಡಿದು ಮೇಲೆತ್ತಿ, ಒಂದು ಬೋಗುಣಿಯ ಮೇಲೆ ತಲೆಕೆಳಗು ಮಾಡಿ ಒದರಿದರು. ಅಪ್ಪ ಬಾಯಿ ಬಿಗಿಹಿಡಿದ. ನಾವೆಲ್ಲ ಅವನ ನಾಲಿಗೆಯ ಮೇಲೆ ಒಬ್ಬರಿಗೊಬ್ಬರು ಒತ್ತಿಕೊಂಡು ಕೂತೆವು. ಎಷ್ಟು ಹೊತ್ತೋ ಗೊತ್ತಿಲ್ಲ. ಕೊನೆಗೆ ಅಪ್ಪ ಬಾಯಿ ತೆರೆದ, ನಾವು ದುಡುದುಡು ಬಿದ್ದೆವು. ಯಾಕೆ ತೆರೆದ ಅಂತ ನನಗೆ ಬಹಳ ವರ್ಷ ಅವನ ಮೇಲೆ ಸಿಟ್ಟಿತ್ತು.

ಆಮೇಲೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಗಾಳಿ, ಪೆಟ್ಟಿಗೆ, ಪೆಟ್ಟಿಗೆಯ ಕತ್ತಲೆ. ವಿಮಾನವಂತೆ, ಚೆನ್ನೈಯಂತೆ, ಅಲ್ಲಿಂದ ಬಸ್ಸಿನ ಡಿಕ್ಕಿಯಂತೆ. ಕವರು ಬಿಚ್ಚಿದಾಗ ನಾನು ದಾವಣಗೆರೆಯಲ್ಲಿದ್ದೆ. ಜೊತೆಗೆ ಹೊರಟ ಹನ್ನೊಂದು ಜನದಲ್ಲಿ ಕಣ್ಣು ಬಿಟ್ಟವರು ನಾಲ್ಕು.

ಬಿಚ್ಚಿದವನು ಇಲಿಯಾಸ್. ಅಲಂಕಾರಿಕ ಮೀನಿನ ಸಣ್ಣ ಅಂಗಡಿ ಅವನದು. ಮಾತು ಕಡಿಮೆ, ಕೈ ಹಗುರ. ಎಂಟು ತಿಂಗಳು ನನ್ನನ್ನು ಸಾಕಿದ. ನನ್ನ ಊರಿನ ಕಥೆ ಗಿರಾಕಿಗಳಿಗೆ ಹೇಳುತ್ತಿದ್ದವನೂ ಅವನೇ, ನಾನು ಕೇಳಿ ಕಲಿತದ್ದು ಅಲ್ಲೇ. ಒಂದು ದಿನ ಮಾರಿದ. ಅದಕ್ಕೆ ನನ್ನ ತಕರಾರಿಲ್ಲ. ಮಾರುವುದು ಅಂಗಡಿಯವನ ಕೆಲಸ, ಅವನು ನನಗೆ ಯಾವ ಭಾಷೆಯನ್ನೂ ಕೊಟ್ಟಿರಲಿಲ್ಲ. ದ್ರೋಹ ಅನ್ನುವುದು ಅಷ್ಟು ಸಸ್ತಾ ಮಾತಲ್ಲ. ಅದನ್ನು ಮಾಡಲು ಮೊದಲು ಯಾರಾದರೂ ನಿಮ್ಮನ್ನು ಪ್ರೀತಿಸಬೇಕು.

ಕೊಂಡವರು ಮರುಳಸಿದ್ದಪ್ಪ. ಪೇಟೆಯಲ್ಲಿ ಅವರದು ಸ್ಟೀಲ್ ಪಾತ್ರೆಯ ಅಂಗಡಿ. ದೊಡ್ಡ ದನಿ, ದೊಡ್ಡ ಮೀಸೆ, ಹೆದರಿಕೆ ಅದಕ್ಕಿಂತ ದೊಡ್ಡದು. ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ, ಪ್ರವೇಶವೂ ಮುಗಿದ ಮೇಲೆ ವಾಸ್ತು ನೋಡುವ ಕರಿಬಸಯ್ಯನವರನ್ನು ಕರೆಸಿದ್ದರು. ಕಟ್ಟುವ ಮೊದಲು ಕರೆಸಬೇಕು ಅನ್ನುವಷ್ಟು ಬುದ್ಧಿ ಓಡಲಿಲ್ಲ. ಅಯ್ನೋರು ಬಂದು ದಿಕ್ಸೂಚಿ ಹಿಡಿದು ಮನೆಯೆಲ್ಲ ಸುತ್ತಿ, ಈಶಾನ್ಯ ಮೂಲೆಯಲ್ಲಿ ನಿಂತು ತಲೆ ಆಡಿಸಿದರಂತೆ. ಮಹಡಿಯ ಮೆಟ್ಟಿಲು ಸರಿಯಾಗಿ ಅಲ್ಲೇ ಇತ್ತು. ಒಡೆಸಿ, ಇಲ್ಲವೇ ಅಲ್ಲಿ ನೀರಿಟ್ಟು ಅರೋವಾನಾ ಬಿಡಿ ಅಂದರು. ಮೆಟ್ಟಿಲು ಒಡೆಸಿದರೆ ಮೇಲಿನ ಮನೆಗೆ ಹಾರಿಯೇ ಹೋಗಬೇಕು. ಹಾಗಾಗಿ ಹಾರುವವನನ್ನು ತಂದರು.

ನನ್ನನ್ನು ತೊಟ್ಟಿಗೆ ಬಿಟ್ಟ ದಿನ ಅಯ್ನೋರು ಖುದ್ದಾಗಿ ಬಂದಿದ್ದರು. ಆರಡಿ ಉದ್ದದ ಗಾಜಿನ ತೊಟ್ಟಿ, ಸೊಂಟದೆತ್ತರದ ಕಬ್ಬಿಣದ ಸ್ಟ್ಯಾಂಡು. ಅದಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ, ಅವರು ಗಂಡ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು.

"ಮನೆ ಯಜಮಾನಂಗೆ ಏನೇ ಗಂಡಾಂತರ ಬರ್ಲಿ, ಈ ಮೀನು ಮೊದ್ಲು ತನ್ನ ಮೈಮೇಲೆ ಎಳ್ಕಂತದೆ. ತಾನು ಹೋಗಿ ನಿಮ್ಮನ್ನ ಉಳಿಸ್ತದೆ. ಆದ್ರೆ ಒಂದ್ ಮಾತು ನೆನಪಿರ್ಲಿ. ಅದು ತಾನಾಗಿ ಹೋಗಬೇಕು. ನೀವು ಕೈಯಾರೆ ಏನಾದ್ರೂ ಮಾಡಿದ್ರೆ ದೋಷ ಎರಡು ಪಟ್ಟಾಗಿ ತಿರುಗಿ ಬರ್ತದೆ."

ನಾನು ಇದನ್ನೆಲ್ಲ ಹೊಗಳಿಕೆ ಅಂದುಕೊಂಡೆ. ಬಂದ ದಿನವೇ ಕಾವಲುಗಾರನ ಕೆಲಸ ಸಿಕ್ಕಿತಲ್ಲ ಅಂತ ಮೀಸೆ ಅಲುಗಿಸುತ್ತಾ ಆ ಕಡೆಯಿಂದ ಈ ಕಡೆಗೆ ಈಜಿದೆ. ಗದ್ದದ ತುದಿಗೆ ನನಗೂ ಎರಡು ಮೀಸೆಗಳಿವೆ. ಎಂಥ ಪೆದ್ದ ನಾನು.

ಆ ಮನೆಯಲ್ಲಿ ನನಗೆ ಮೊದಲು ಎದುರಾದದ್ದು ಹಸಿವು. ಅವರು ಲಿಂಗಾಯತರು. ಮೊಟ್ಟೆ ಹಾಕಿದ ಕೇಕು ಕೂಡ ಹೊಸಿಲು ದಾಟದ ಮನೆ. ನನಗೆ ಒಣ ಗುಳಿಗೆಯ ಡಬ್ಬ ತಂದಿಟ್ಟಿದ್ದರು. ಬಾಯಿಗೆ ಹಾಕಿ ನೋಡಿದೆ, ಮರದ ಹೊಟ್ಟು. ಉಗುಳಿದೆ. ಒಂಬತ್ತು ದಿನ ಹಟ ಹಿಡಿದೆ. ಮರುಳಸಿದ್ದಪ್ಪನವರು "ಹಸಿವಾದ್ರೆ ತಾನೇ ತಿಂತದೆ ಬಿಡು" ಅಂದು ಅಂಗಡಿಗೆ ಹೋದರು. ಅವರ ಹೆಂಡತಿ ದಾಕ್ಷಾಯಣಿಗೆ ಬಿಡಲು ಆಗಲಿಲ್ಲ. ತೊಟ್ಟಿ ತೊಳೆಯಲು ಬಂದ ಇಲಿಯಾಸನನ್ನು ಕೇಳಿದಳು. ಅವಳು ಅನ್ನುತ್ತೇನೆ, ಕ್ಷಮಿಸಿ. ನನಗಿಂತ ಐವತ್ತು ವರ್ಷ ದೊಡ್ಡವಳು. ಆದರೆ ಆರು ವರ್ಷ ಅವಳು ನನ್ನವಳಾಗಿದ್ದಳು, ಬಹುವಚನ ನನಗೆ ಬರುವುದಿಲ್ಲ.

ಇಲಿಯಾಸ್ ಹೇಳಿದ: "ಅಮ್ಮಾರೆ, ಇದು ಹುಳ ತಿನ್ನೋ ಮೀನು. ಜಿರಳೆ, ಮಿಡತೆ, ಅಂಥದ್ದೇ ಬೇಕು. ಇನ್ನೊಂದು, ಮುಚ್ಚಳದ ಮೇಲೆ ಭಾರ ಇಡ್ರಿ. ಇವು ಹಾರ್ತವೆ. ನೆಲಕ್ಕೆ ಬಿದ್ರೆ ಹತ್ತು ನಿಮಿಷಕ್ಕೆ ಮುಗೀತು."

ಅವತ್ತೇ ಅವಳು ಚಟ್ನಿ ಅರೆಯುವ ಗುಂಡುಕಲ್ಲನ್ನು ತಂದು ಗಾಜಿನ ಮುಚ್ಚಳದ ಮೇಲಿಟ್ಟಳು. ಭಾರ ಇಡುವುದು ಸುಲಭದ ಕೆಲಸ. ಜಿರಳೆ ಹಿಡಿಯುವುದಿದೆ ನೋಡಿ, ಅದು ಅವಳಿಗೆ ಸುಲಭದ್ದಾಗಿರಲಿಲ್ಲ. ಇರುವೆ ಸಾಲು ಕಂಡರೆ ಪೊರಕೆ ಎತ್ತಿಕೊಂಡು ಆಚೆಯಿಂದ ಗುಡಿಸುವ ಹೆಂಗಸು ಅವಳು. ಮಾರನೆಯ ದಿನ ಹಿತ್ತಲ ಬಚ್ಚಲ ಕಡೆಯಿಂದ ಒಂದು ಕಾಗದದ ಪೊಟ್ಟಣ ಹಿಡಿದು ಬಂದಳು. ಮುಖ ಬಿಳಿಚಿಕೊಂಡಿತ್ತು. ಎಡಗೈಯಿಂದ ಎದೆಯ ಮೇಲಿನ ಕರಡಿಗೆಯನ್ನು, ಅದರೊಳಗಿನ ಲಿಂಗವನ್ನು ಮುಟ್ಟಿಕೊಂಡು ಕಣ್ಣು ಮುಚ್ಚಿ "ಶಿವನೇ, ಇದೊಂದು ಸಲ" ಅಂದಳು. ಬಲಗೈಯಿಂದ ಹುಳವನ್ನು ನೀರಿಗೆ ಬಿಟ್ಟಳು. ನಾನು ಗಬಕ್ಕನೆ ನುಂಗಿದೆ. ಅವಳು ಬಚ್ಚಲಿಗೆ ಓಡಿಹೋಗಿ ಕೈ ತೊಳೆದಳು, ಮತ್ತೆ ತೊಳೆದಳು.

ಇದೊಂದು ಸಲ ಅಂದಿದ್ದು ಆರು ವರ್ಷ ನಡೆಯಿತು.

ದಿನಾ ಸಂಜೆ ನಾಲ್ಕಕ್ಕೆ, ಗಂಡ ಅಂಗಡಿಯಲ್ಲಿರುವಾಗ. ಮೊದಲು ಹುಳವನ್ನು ನೀರಿಗೆ ಎಸೆಯುತ್ತಿದ್ದಳು. ಆಮೇಲೆ ಬೆರಳ ತುದಿಯಲ್ಲಿ ಹಿಡಿದು ನೀರಿಗೆ ತಾಗಿಸುತ್ತಿದ್ದಳು. ಆಮೇಲೆ ಒಂದು ಗೇಣು ಮೇಲೆ ಹಿಡಿದು "ಬೆಳ್ಳಿ, ಬಾರೋ" ಅನ್ನುತ್ತಿದ್ದಳು. ನನಗೆ ಹೆಸರಿಟ್ಟವಳೂ ಅವಳೇ. ಮುಚ್ಚಳವನ್ನು ಅಂಗೈಯಗಲ ಮಾತ್ರ ಸರಿಸಿ, ಆ ಸಂದಿನಲ್ಲಿ ಕೈ ಇಡುತ್ತಿದ್ದಳು. ನಾನು ಹಾರಿ, ಅವಳ ಬೆರಳಿಗೆ ಹಲ್ಲು ತಾಗದ ಹಾಗೆ ಹುಳ ಎತ್ತಿಕೊಂಡು ವಾಪಸ್ ನೀರಿಗೆ ಬೀಳುತ್ತಿದ್ದೆ. ಅವಳ ಸೆರಗೆಲ್ಲ ನೆನೆಯುತ್ತಿತ್ತು. ಆ ವಯಸ್ಸಿನ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡು ಹುಡುಗಿಯ ಹಾಗೆ ನಗುತ್ತಿದ್ದಳು. ಅವಳ ಗಂಡ ಆ ನಗುವನ್ನು ಕೇಳಿಯೇ ಇರಲಿಕ್ಕಿಲ್ಲ.

ಇತ್ತ ಮರುಳಸಿದ್ದಪ್ಪನವರು ಬಂದವರಿಗೆಲ್ಲ ನನ್ನನ್ನು ತೋರಿಸಿ "ನಮ್ಮನೆ ಮೀನು ಪೂರ್ತಿ ವೆಜಿಟೇರಿಯನ್ ಕಣ್ರೀ, ಬರೀ ಗುಳಿಗೆ ತಿಂದು ಎರಡೂವರೆ ಅಡಿ ಬೆಳೆದೈತೆ" ಅಂತ ಕೊಚ್ಚಿಕೊಳ್ಳುತ್ತಿದ್ದರು. ದಾಕ್ಷಾಯಣಿ ಕಾಫಿ ಲೋಟ ಕೊಡುತ್ತಾ ನನ್ನ ಕಡೆ ಒಮ್ಮೆ ನೋಡುತ್ತಿದ್ದಳು. ನಾನು ಅವಳ ಕಡೆ ನೋಡುತ್ತಿದ್ದೆ. ನಮ್ಮಿಬ್ಬರ ನಡುವೆ ಒಂದು ಗುಟ್ಟು ಇತ್ತು. ಗುಟ್ಟು ಇದ್ದ ಕಡೆ ಪ್ರೀತಿ ಇರುತ್ತದೆ ಅಂತ ನಾನು ನಂಬಿದ್ದೆ.

ಮಧ್ಯಾಹ್ನ ಅವಳು ತೊಟ್ಟಿಯ ಕೆಳಗೆ ನೆಲದ ಮೇಲೆ ಕಾಲು ಚಾಚಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಬಿಡಿಸುತ್ತಾ ಮಾತಾಡುತ್ತಿದ್ದಳು. ಮಕ್ಕಳಿಲ್ಲದ್ದಕ್ಕೆ ಮದುವೆಮನೆಗಳಲ್ಲಿ ಆರತಿಗೆ ಕರೆಯುವಾಗ ತನ್ನನ್ನು ದಾಟಿ ಪಕ್ಕದವಳನ್ನು ಕರೆಯುತ್ತಾರೆ ಅಂತ. ಮಂಡಿ ನೋವು ಅಂತ. ಗಂಡನಿಗೆ ಕೋಪ ಜಾಸ್ತಿ, ಆದರೆ ಮನಸ್ಸು ಬೆಣ್ಣೆ ಅಂತ. ನಾನು ಮೇಲಿನಿಂದ ಅವಳನ್ನೇ ನೋಡುತ್ತಾ ನಿಂತಿರುತ್ತಿದ್ದೆ. ನಮ್ಮ ಜಾತಿಯ ಕಣ್ಣು ಇರುವುದು ಮೇಲಕ್ಕೆ, ಕೊಂಬೆಗಳ ಕಡೆ ನೋಡಲು. ಮೂರನೆಯ ವರ್ಷದ ಹೊತ್ತಿಗೆ ನನ್ನ ಬಲಗಣ್ಣು ಕೆಳಕ್ಕೆ ಜಾರಿತು. ಇಲಿಯಾಸ್ ನೋಡಿ, "ತೊಟ್ಟಿಲಿರೋ ಅರೋವಾನಾಗಳಿಗೆ ಇದು ಬರ್ತದೆ ಅಮ್ಮಾರೆ, ಸದಾ ಕೆಳಗೆ ನೋಡಿ ನೋಡಿ ಹಿಂಗಾಗ್ತದೆ ಅಂತಾರೆ" ಅಂದ. ಅವಳು ಬೇಜಾರು ಮಾಡಿಕೊಂಡಳು. ನನಗೇನೂ ಬೇಜಾರಿರಲಿಲ್ಲ. ನೋಡಬೇಕಾದವಳು ಕೆಳಗೇ ಇದ್ದಳಲ್ಲ.

ಆರನೆಯ ವರ್ಷ ಮರುಳಸಿದ್ದಪ್ಪನವರಿಗೆ ಎದೆನೋವು ಬಂತು. ಅಂಗಡಿಯಲ್ಲಿ ಕೊಡಪಾನ ಎತ್ತಿ ಕೊಡುತ್ತಿದ್ದವರು ಹಾಗೇ ಕೂತುಬಿಟ್ಟರಂತೆ. ರಕ್ತನಾಳ ಮೂರು ಕಡೆ ಕಟ್ಟಿಕೊಂಡಿದೆ, ಎದೆ ಬಿಚ್ಚಿ ಆಪರೇಷನ್ ಮಾಡಬೇಕು, ಬೆಂಗಳೂರಿಗೆ ಹೋಗಬೇಕು ಅಂದರು. ಮೂರು ವಾರದ ನಂತರದ ದಿನ ನಿಗದಿಯಾಯಿತು. ಮನೆಯಲ್ಲಿ ದೊಡ್ಡ ದನಿ ನಿಂತುಹೋಯಿತು. ಅವರು ಸೋಫಾದ ಮೇಲೆ ಮಗ್ಗುಲಾಗಿ ಮಲಗಿ ನನ್ನನ್ನೇ ನೋಡುತ್ತಿದ್ದರು.

ಕರಿಬಸಯ್ಯನವರು ನೋಡಲು ಬಂದರು. ಯಜಮಾನರ ನಾಡಿ ಹಿಡಿದು ಸಮಾಧಾನ ಹೇಳಿದರು. ಹೊರಡುವಾಗ ತೊಟ್ಟಿಯ ಮುಂದೆ ನಿಂತರು. ನಾನು ಪರಿಚಯದವರು ಅಂತ ಹತ್ತಿರ ಬಂದೆ.

"ಮೀನು ಇನ್ನೂ ಹಂಗೇ ಐತಲ್ಲ," ಅಂದರು.

ಅಷ್ಟೇ ಅಂದದ್ದು. ಚಪ್ಪಲಿ ಮೆಟ್ಟಿ ಹೋದರು. ಆದರೆ ಆ ಮಾತು ಮನೆಯಲ್ಲೇ ಉಳಿಯಿತು. ನೋಡಲು ಬಂದ ನೆಂಟರೆಲ್ಲ "ಮೀನು ಹೆಂಗೈತೆ?" ಅಂತ ಕೇಳುವವರೇ. ಚೆನ್ನಾಗಿದೆ ಅಂದರೆ ಮುಖ ಸಣ್ಣ ಮಾಡಿಕೊಳ್ಳುವವರೇ. ಮರುಳಸಿದ್ದಪ್ಪನವರ ತಮ್ಮ ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲು ಬಂದು ಗಾಜಿಗೆ ಮೂಗೊತ್ತಿ ನೋಡುತ್ತಿದ್ದ. ನಾನು ಬಾಲ ಬಡಿದರೆ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದ. ನಾನು ಬದುಕಿರುವುದು ಎಲ್ಲರಿಗೂ ಅಪಚಾರದ ಹಾಗೆ ಕಾಣತೊಡಗಿತು. ಯಾರದೋ ಮನೆಗೆ ಊಟಕ್ಕೆ ಕೂತು, ಎಲೆ ಮುಗಿದ ಮೇಲೂ ಏಳದೆ ಕೂತವನ ಹಾಗೆ ನಾನಿದ್ದೆ.

ಅವರು ಹಾಗೆ ನೋಡಿದ್ದಕ್ಕೆ ನನಗೆ ನೋವಾಗಲಿಲ್ಲ ಅನ್ನುವುದಿಲ್ಲ. ತಡೆದುಕೊಂಡೆ. ದಾಕ್ಷಾಯಣಿ ನೋಡಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಒಂದು ಬೆಳಿಗ್ಗೆ ಅವಳೂ ಬಂದು ನಿಂತಳು. ನಾನು ಖುಷಿಯಿಂದ ತಿರುಗಿದೆ. ಅವಳ ಕಣ್ಣಲ್ಲೂ ಅದೇ ಲೆಕ್ಕಾಚಾರ, ಅದೇ ನಿರಾಸೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವತ್ತಿನಿಂದ ನಾಲ್ಕು ಗಂಟೆಯ ಹುಳ ನಿಂತಿತು. ಗುಳಿಗೆ ಮಾತ್ರ ಬೀಳುತ್ತಿತ್ತು. ದುಃಖದಲ್ಲಿದ್ದಾಳೆ, ಮರೆತಿದ್ದಾಳೆ ಅಂತ ನನಗೆ ನಾನೇ ಹೇಳಿಕೊಂಡೆ. ಪ್ರೀತಿಸುವವರು ಹಸಿದಾಗ ಎಂಥ ಸುಳ್ಳನ್ನಾದರೂ ಹೇಳಿಕೊಳ್ಳುತ್ತಾರೆ.

ಆಪರೇಷನ್ನಿಗೆ ಮರುಳಸಿದ್ದಪ್ಪನವರನ್ನು ತಮ್ಮ ಕರೆದುಕೊಂಡು ಹೋದ. ದಾಕ್ಷಾಯಣಿ ಹೋಗಲಿಲ್ಲ. ಆಪರೇಷನ್ ಮುಗಿಯುವವರೆಗೆ ದೇವರ ಮುಂದಿನ ದೀಪ ಆರಬಾರದು, ಮನೆಯೊಡತಿ ಮನೆಯಲ್ಲೇ ಇದ್ದು ಎಣ್ಣೆ ಹಾಕಬೇಕು ಅಂತ ಅಯ್ನೋರು ಹೇಳಿದ್ದರು. ಹೊರಡುವಾಗ ಯಜಮಾನರು ಹೆಂಡತಿಯ ಕೈ ಹಿಡಿದು, "ಹೆದರ್ಕೋಬೇಡ ದಾಕ್ಷಿ" ಅಂದರು. ಹೆದರಿದ್ದವರು ಅವರೇ.

ಮಾರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬೆಂಗಳೂರಿನಿಂದ ಫೋನು ಬಂತು. "ಒಳಗೆ ಕರ್ಕೊಂಡ್ ಹೋದ್ರಾ?" ಅಂತ ಕೇಳಿದಳು. ಆಮೇಲೆ ಫೋನನ್ನು ಸೋಫಾದ ಮೇಲಿಟ್ಟಳು. ದೀಪಕ್ಕೆ ಎಣ್ಣೆ ಹಾಕಿ ಬಂದಳು. ಹಿತ್ತಲಿಗೆ ಹೋದಳು. ಬರುವಾಗ ಕೈಯಲ್ಲಿ ಕಾಗದದ ಪೊಟ್ಟಣ.

ನನಗೆ ಆದ ಸಂತೋಷವನ್ನು ಹೇಳಲಾರೆ. ಹುಳಕ್ಕಲ್ಲ. ಹುಳಕ್ಕೂ ಹೌದು, ಎರಡು ವಾರದ ಹಸಿವು ಸುಳ್ಳಲ್ಲ. ಆದರೆ ಅವಳು ಬಂದಳಲ್ಲ, ನಾಲ್ಕು ಗಂಟೆಯವರೆಗೂ ಕಾಯದೆ ಬಂದಳಲ್ಲ ಅಂತ. ತೊಟ್ಟಿಯ ಉದ್ದಕ್ಕೂ ಎರಡು ಸುತ್ತು ಹಾಕಿದೆ.

ಅವಳು ಗುಂಡುಕಲ್ಲನ್ನು ಎತ್ತಿ ನೆಲದ ಮೇಲಿಟ್ಟಳು. ಅಂಗೈಯಗಲ ಸರಿಸುತ್ತಿದ್ದ ಮುಚ್ಚಳವನ್ನು ಪೂರ್ತಿ ತೆಗೆದು ಗೋಡೆಗೆ ಒರಗಿಸಿದಳು. ಹುಳ ದೊಡ್ಡದಿತ್ತು.

"ಬೆಳ್ಳಿ, ಬಾರೋ," ಅಂದಳು.

ಕೈ ನೀರಿನ ಮೇಲಿರಲಿಲ್ಲ. ಗಾಜಿನ ಅಂಚಿನಿಂದ ಒಂದು ಮೊಳ ಆಚೆಗಿತ್ತು. ನಾನು ನೋಡಿದೆ. ಸುಳ್ಳು ಯಾಕೆ ಹೇಳಲಿ, ಅದನ್ನು ನಾನು ಸ್ಪಷ್ಟವಾಗಿ ನೋಡಿದೆ. ಹಾರುವುದೇ ಕಸುಬಾದವನಿಗೆ ದೂರ ತಿಳಿಯುವುದಿಲ್ಲವೇ. ಕೈ ಈ ಕಡೆ ತರುತ್ತಾಳೆ ಅಂದುಕೊಂಡೆ. ತರಲಿಲ್ಲ. "ಬಾರೋ, ನನ್ನಪ್ಪ ಅಲ್ವಾ," ಅಂದಳು. ಅವಳು ಹಾಗೆ ಯಾವತ್ತೂ ಕರೆದಿರಲಿಲ್ಲ. ಬಿದ್ದರೆ ಹಿಡಿದುಕೊಳ್ಳುತ್ತಾಳೆ ಅಂದುಕೊಂಡು ಹಾರಿದೆ.

ಕಲ್ಲು ಹಾಸಿನ ನೆಲ. ಬಿದ್ದ ಸದ್ದು ನನಗೇ ಕೇಳಿಸಿತು. ಹುಳ ಅವಳ ಕೈಯಿಂದ ಜಾರಿ ಸೋಫಾದ ಅಡಿಗೆ ಓಡಿಹೋಯಿತು. ಅದು ಬದುಕಿತು. ನಾನು ಒಮ್ಮೆ ಬಾಲ ಬಡಿದು ಎಗರಿದೆ, ಮತ್ತೆ ಎಗರಿದೆ. ಮೈಯ ಹುರುಪೆ ಕಿತ್ತು ನೆಲಕ್ಕೆ ಅಂಟಿಕೊಂಡಿತು. ಕಿವಿರು ಒಣಗತೊಡಗಿತು. ಉಸಿರು ಸಿಗದೆ ಬಾಯಿ ತಾನಾಗಿ ತೆರೆದುಕೊಂಡಿತು. ಅಪ್ಪ ಯಾಕೆ ಬಾಯಿ ತೆರೆದ ಅಂತ ನನಗೆ ಗೊತ್ತಾದದ್ದು ಆಗ. ಅಷ್ಟು ವರ್ಷ ಅವನ ಮೇಲೆ ಸುಮ್ಮನೆ ಸಿಟ್ಟು ಮಾಡಿಕೊಂಡಿದ್ದೆ.

ದಾಕ್ಷಾಯಣಿ ಎರಡು ಹೆಜ್ಜೆ ಹಿಂದೆ ಸರಿದಳು. ಕೈ ಮುಗಿದು ನಿಂತಳು. ತುಟಿ ಅಲುಗುತ್ತಿತ್ತು, ಕಣ್ಣಿಂದ ನೀರು ಇಳಿಯುತ್ತಿತ್ತು. ಆ ಎರಡು ಕೈಗಳನ್ನೇ ನಾನು ನೆಲದಿಂದ ನೋಡುತ್ತಿದ್ದೆ. ಬಾಗಿದರೆ ನಾನು ಸಿಗುತ್ತಿದ್ದೆ. ಬಾಗಲಿಲ್ಲ. ಅವಳು ಕೈಯಾರೆ ಏನೂ ಮಾಡಲಿಲ್ಲ ನೋಡಿ. ಕೈ ಮುಗಿದೇ ಇತ್ತು.

ಆಗ ಹಿತ್ತಲ ಬಾಗಿಲಿಂದ ಹನುಮಕ್ಕ ಬಂದಳು. ಪಾತ್ರೆ ಬಟ್ಟೆ ತೊಳೆದು ನೆಲ ಒರೆಸಿ ಹೋಗುವವಳು, ಹಳೆಯ ಮನೆಯ ಕಾಲದಿಂದ ಹತ್ತು ವರ್ಷ ಅವರಲ್ಲಿ ಕೆಲಸಕ್ಕಿದ್ದವಳು. ಬಕೆಟ್ಟು ಹಿಡಿದು ಒಳಗೆ ಬಂದವಳು ಅಲ್ಲೇ ನಿಂತಳು.

"ಅಮ್ಮಾರೆ, ಮೀನು ಬಿದ್ದೈತೆ. ನೋಡ್ಕಂಡು ನಿಂತಿದೀರಲ್ಲ."

"ಬಿಡು ಹನುಮಕ್ಕ. ಅದು ತಾನಾಗೇ ಹಾರೈತೆ. ಮುಟ್ಟಬೇಡ, ಬಿಡು."

ಹನುಮಕ್ಕ ಬಿಡಲಿಲ್ಲ. ಒದ್ದೆ ಒರೆಸುಬಟ್ಟೆಯನ್ನು ನನ್ನ ಮೇಲೆ ಹಾಕಿ, ಮಗುವನ್ನು ಎತ್ತುವ ಹಾಗೆ ಎರಡೂ ಕೈಯಲ್ಲಿ ಎತ್ತಿ, ಏದುಸಿರು ಬಿಡುತ್ತಾ ತೊಟ್ಟಿಗೆ ಹಾಕಿದಳು. ನಾನು ತಳಕ್ಕೆ ಹೋಗಿ ಮಗ್ಗುಲಾಗಿ ಬಿದ್ದೆ. ಅಲ್ಲಿಂದಲೇ ಕಂಡಿತು. ಹನುಮಕ್ಕ ನೆಲದ ಮೇಲಿದ್ದ ಗುಂಡುಕಲ್ಲನ್ನು ನೋಡಿದಳು. ಗೋಡೆಗೆ ಒರಗಿಸಿದ್ದ ಮುಚ್ಚಳವನ್ನು ನೋಡಿದಳು. ಬಿಚ್ಚಿ ಬಿದ್ದಿದ್ದ ಪೊಟ್ಟಣವನ್ನು ನೋಡಿದಳು. ಕೊನೆಗೆ ಯಜಮಾನಿಯ ಮುಖ ನೋಡಿದಳು. ಮುಚ್ಚಳ ಹಾಕಿ, ಕಲ್ಲು ಎತ್ತಿ ಅದರ ಮೇಲಿಟ್ಟು ನೆಲ ಒರೆಸಿದಳು. ನನ್ನ ಹುರುಪೆಗಳನ್ನು ಉಗುರಿನಿಂದ ಕೆರೆದು ತೆಗೆಯಬೇಕಾಯಿತು.

ಮಧ್ಯಾಹ್ನ ಎರಡಕ್ಕೆ ಫೋನು ಬಂತು. ಆಪರೇಷನ್ ಚೆನ್ನಾಗಿ ಆಯಿತು, ಪ್ರಾಣಕ್ಕೆ ಅಪಾಯವಿಲ್ಲ. ದಾಕ್ಷಾಯಣಿ ನನ್ನ ಗಾಜಿಗೆ ಹಣೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ನಾನು ತಳದಲ್ಲಿ ಮಲಗಿದ್ದೆ. ಎಡಗಣ್ಣು ಆಗಲೇ ಮಂಜಾಗಿತ್ತು. ಅದು ಆಮೇಲೆ ಪೂರ್ತಿ ಹೋಯಿತು.

ಸುದ್ದಿ ತಿಳಿದು ಮನೆಗೆ ಬಂದ ಅಯ್ನೋರು ಕೇಳಿದರು: "ಹಾರಿದ್ದು ಎಷ್ಟೊತ್ತಿಗೆ?"

"ಹತ್ತೂವರೆ," ಅಂದಳು.

"ಸರಿಯಾಗಿ ಎದೆ ಬಿಚ್ಚಿದ ಹೊತ್ತು. ತಾನಾಗಿ ಪ್ರಾಣ ಒಡ್ಡಿತು. ಅರ್ಧ ತಗೊಂಡು ಶಿವ ತೃಪ್ತನಾದ."

ದಾಕ್ಷಾಯಣಿ ತಲೆ ಎತ್ತಲಿಲ್ಲ. ಅವಳು ಏನು ಹೇಳಬಹುದಿತ್ತು ಹೇಳಿ. ನಾನೇ ಕರೆದೆ ಅಂದರೆ ಅಯ್ನೋರ ಮಾತಿನ ಪ್ರಕಾರ ದೋಷ ಎರಡು ಪಟ್ಟಾಗಿ ಗಂಡನ ಮೇಲೆ ಬೀಳಬೇಕು. ನಾನು ನಾನಾಗಿ ಹಾರಿದ್ದೇ ನಿಜವಾಗಬೇಕು. ಗಂಡ ಉಸಿರಾಡುವುದು ಆ ಸುಳ್ಳಿನ ಮೇಲೆ ಅಂತ ಅವಳು ನಂಬಿದ್ದಾಳೆ. ಇದೆಲ್ಲ ನನಗೆ ಅರ್ಥವಾಗುತ್ತದೆ. ಅರ್ಥವಾದರೆ ಹೊಟ್ಟೆಯುರಿ ಕಡಿಮೆಯಾಗುತ್ತದೆ ಅಂತ ಯಾರು ಹೇಳಿದರೋ, ನನಗಂತೂ ಆಗಿಲ್ಲ.

ಮರುಳಸಿದ್ದಪ್ಪನವರು ಮನೆಗೆ ಬಂದವರೇ ನೇರ ನನ್ನ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತರು. ಎದೆಯ ಮೇಲೆ ಕುತ್ತಿಗೆಯಿಂದ ಹೊಟ್ಟೆಯವರೆಗೆ ಹೊಲಿಗೆ. "ನಿನ್ನ ಋಣ ಹೆಂಗಪ್ಪ ತೀರಿಸ್ಲಿ," ಅಂದರು. ಅಷ್ಟು ದೊಡ್ಡ ಮನುಷ್ಯ ಅತ್ತುಬಿಟ್ಟರು. ನನಗೆ ಅವರ ಮೇಲೆ ಯಾವ ಕೋಪವೂ ಇಲ್ಲ. ಅವರು ಪ್ರಾಮಾಣಿಕರು. ಗುಳಿಗೆಯಿಂದ ನನಗೆ ಶಕ್ತಿ ಸಾಲದು ಅಂತ ಇಲಿಯಾಸ್ ಹೇಳಿದಾಗ ಅವರೇ "ತಂದು ಹಾಕು, ಏನ್ ಬೇಕಾದ್ರೂ ತಿನ್ಲಿ, ಜೀವ ಉಳಿಸಿದವನಿಗೆ ಮಡಿ ಯಾವುದು" ಅಂದರು. ಈಗ ತಿಂಗಳಿಗೊಮ್ಮೆ ಹುಳದ ಡಬ್ಬ ಬರುತ್ತದೆ. ನಾವಿಬ್ಬರು ಆರು ವರ್ಷ ಕಾಪಾಡಿಕೊಂಡ ಗುಟ್ಟು ಹೀಗೆ ಯಾರಿಗೂ ಬೇಡವಾಯಿತು.

ಜನ ಬಂದರು. ಪಕ್ಕದ ಬೀದಿಯವರು, ಅಂಗಡಿ ಸಾಲಿನವರು, ಬೀಗರ ಬೀಗರು. ಗಾಜಿಗೆ ಕುಂಕುಮ ಹಚ್ಚಿದರು, ಸೋಮವಾರ ಹೂವಿನ ಹಾರ ಹಾಕಿದರು. ಒಬ್ಬಳು ಗಂಡನ ಕುಡಿತ ಬಿಡಿಸು ಅಂತ ನನ್ನಲ್ಲಿ ಬೇಡಿಕೊಂಡಳು. ಯಜಮಾನರು ಪ್ರತಿ ಸಲವೂ ಮೊದಲಿನಿಂದ ಕಥೆ ಹೇಳುತ್ತಾರೆ. ಮುಚ್ಚಳವನ್ನು, ಅದರ ಮೇಲಿನ ಭಾರವನ್ನು ನಾನೇ ತಲೆಯಿಂದ ಗುದ್ದಿ ಉರುಳಿಸಿದೆ ಅಂತ ಈಚೆಗೆ ಸೇರಿಸಿಕೊಂಡಿದ್ದಾರೆ. ಕೇಳಿದವರು ಕೈ ಮುಗಿಯುತ್ತಾರೆ. ದಾಕ್ಷಾಯಣಿ ಅಡುಗೆಮನೆಗೆ ಹೋಗಿಬಿಡುತ್ತಾಳೆ.

ಹನುಮಕ್ಕನನ್ನು ತಿಂಗಳೊಳಗೆ ಬಿಡಿಸಿದರು. ಬಟ್ಟೆಗೆ ವಾಷಿಂಗ್ ಮೆಷಿನ್ ಬಂದಿದೆ, ಪಾತ್ರೆ ಎಷ್ಟಿರುತ್ತವೆ, ನಾನೇ ತೊಳೆದುಕೊಳ್ಳುತ್ತೇನೆ ಅಂದಳು ದಾಕ್ಷಾಯಣಿ. ಮಂಡಿ ನೋವಿನವಳು. ಒಳ್ಳೆಯ ಸೀರೆ, ಕುಪ್ಪಸದ ಕಣ, ಎಲೆಅಡಿಕೆ ಇಟ್ಟು ಕಳಿಸಿದಳು. ಹನುಮಕ್ಕ ಯಾಕೆ ಅಂತ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನಾಲ್ಕು ಗಂಟೆಗೆ ದಾಕ್ಷಾಯಣಿ ಈಗಲೂ ಬರುತ್ತಾಳೆ. ಮುಚ್ಚಳವನ್ನು ಬೆರಳಗಲ ಸರಿಸಿ, ಹುಳವನ್ನು ನೀರಿಗೇ ತಾಗಿಸಿ ಹಿಡಿಯುತ್ತಾಳೆ. ನಾನು ಹೋಗುವುದಿಲ್ಲ. ಆ ಮೂಲೆಯಲ್ಲಿ ನಿಂತಿರುತ್ತೇನೆ. ಅವಳಿಗೆ ಕೈ ಸೋತು ಹುಳ ಬಿಟ್ಟು ಹೋಗುತ್ತಾಳೆ. ಅವಳು ಅಡುಗೆಮನೆ ಸೇರಿದ ಮೇಲೆ ತಿನ್ನುತ್ತೇನೆ. ಒಂದು ದಿನ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ನೆಲದ ಮೇಲೆ ತನ್ನ ಹಳೆಯ ಜಾಗದಲ್ಲಿ ಕೂತಳು.

"ನೀನು ಅವತ್ತು ಹೋಗಿಬಿಟ್ಟಿದ್ರೆ ಅತ್ತು ಸುಮ್ನಾಗ್ತಿದ್ದೆ ಕಣೋ," ಅಂದಳು. "ವರ್ಷಕ್ಕೊಂದು ದಿನ ನೆನೆಸ್ಕೊಂಡು, ಹಿತ್ತಲಲ್ಲಿ ಹೂವಿಟ್ಟು, ಹೆಂಗೋ ಬದುಕ್ತಿದ್ದೆ. ನೀನು ಉಳ್ಕಂಡೆ. ದಿನಾ ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಬೇಕಲ್ಲ."

ಎಂಥ ಮಾತು ನೋಡಿ. ಕ್ಷಮಿಸು ಅನ್ನಲಿಲ್ಲ. ಉಳಿದದ್ದೇ ನನ್ನ ತಪ್ಪು. ಆದರೂ ಅವಳು ಆಡಿದ ಮಾತಲ್ಲಿ ಇದೊಂದೇ ನಿಜ ಅನ್ನಿಸಿ, ನಾನು ಸ್ವಲ್ಪ ಹತ್ತಿರ ಬಂದೆ. ಗೇಟಿನ ಸದ್ದಾಯಿತು. ಅವಳು ಎದ್ದುಹೋದಳು.

ಮೂರು ವರ್ಷ ಕಳೆದವು. ಕಳೆದ ತಿಂಗಳು ಒಂದು ಮಧ್ಯಾಹ್ನ ಹನುಮಕ್ಕ ಬಂದಳು, ಮಗಳ ಮದುವೆಗೆ ಕರೆಯಲು. ಕೂದಲು ಬೆಳ್ಳಗಾಗಿತ್ತು. ಮದುವೆಗೆ ಬೇಕಾದ ಪಾತ್ರೆಗಳನ್ನೂ ಮರುಳಸಿದ್ದಪ್ಪನವರ ಅಂಗಡಿಯಿಂದಲೇ ತರುವುದೆಂದು ಮಾತಾಗಿತ್ತಂತೆ. ಯಜಮಾನರು ಸಂಭ್ರಮದಿಂದ ಅವಳನ್ನು ಒಳಕ್ಕೆ ಕರೆದರು. ಆ ಹೊತ್ತಿಗೆ ಶಿವಮೊಗ್ಗದಿಂದ ಯಾರೋ ನನ್ನನ್ನು ನೋಡಲು ಬಂದು ಕೂತಿದ್ದರು.

"ಸರಿಯಾದ ಹೊತ್ತಿಗೆ ಬಂದೆ ನೋಡು," ಅಂದರು ಯಜಮಾನರು. "ಇವಳೇ ಕಣ್ರೀ, ಮೀನನ್ನ ಎತ್ತಿ ನೀರಿಗೆ ಹಾಕಿದವಳು. ಕಣ್ಣಾರೆ ಕಂಡವಳು. ಹೇಳು ಹನುಮಕ್ಕ, ಅವತ್ತು ಏನಾಯ್ತು."

ನಾನು ಗಾಜಿನ ಹತ್ತಿರಕ್ಕೆ ಬಂದು ನಿಂತೆ. ಮೂರು ವರ್ಷದಿಂದ ನಾನು ಕಾದದ್ದು ಇದಕ್ಕೇ. ಲೋಕದಲ್ಲಿ ನಿಜ ಗೊತ್ತಿದ್ದ ಇಬ್ಬರು ಮನುಷ್ಯರೂ ಆ ಕೋಣೆಯಲ್ಲಿದ್ದರು. ದಾಕ್ಷಾಯಣಿ ಕಾಫಿ ತಟ್ಟೆ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು.

ಹನುಮಕ್ಕ ನನ್ನನ್ನು ನೋಡಿದಳು. ಆಮೇಲೆ ದಾಕ್ಷಾಯಣಿಯನ್ನು ನೋಡಿದಳು. ಆಮೇಲೆ ಯಜಮಾನರ ಅಂಗಿಯ ಸಂದಿನಲ್ಲಿ ಕಾಣುತ್ತಿದ್ದ ಹೊಲಿಗೆಯ ಗುರುತನ್ನು ನೋಡಿದಳು.

"ಏನ್ ಹೇಳ್ಲಿ ಸಾವ್ಕಾರ್ರೆ," ಅಂದಳು. "ನಾನು ಬರೋ ಹೊತ್ತಿಗೆ ಬಿದ್ದಿತ್ತು. ಅಮ್ಮಾರು ಪಾಪ ದಿಕ್ಕು ತೋಚದೆ ನಿಂತಿದ್ರು. ತಾನಾಗೇ ಹಾರಿತ್ತು."

ಶಿವಮೊಗ್ಗದವರು ಕೈ ಮುಗಿದರು. ದಾಕ್ಷಾಯಣಿ ತಟ್ಟೆಯನ್ನು ಮೇಜಿನ ಮೇಲಿಟ್ಟು ಹನುಮಕ್ಕನ ಪಕ್ಕ ಕುಸಿದು ಕೂತಳು, ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ನಾನು ತಿರುಗಿ ಮೂಲೆಗೆ ಹೋದೆ.

ಹೊರಡುವಾಗ ಹನುಮಕ್ಕ ಒಬ್ಬಳೇ ತೊಟ್ಟಿಯ ಹತ್ತಿರ ಬಂದಳು. ಗಾಜಿಗೆ ಬೆರಳು ತಾಗಿಸಿ, ಯಾರಿಗೂ ಕೇಳದ ಹಾಗೆ ಹೇಳಿದಳು: "ಬೇಜಾರು ಮಾಡ್ಕಬೇಡ. ನೀನು ನೀರಲ್ಲಿರ್ತೀಯ. ನಾವು ಊರಲ್ಲಿರಬೇಕು."

ಅವಳು ನನ್ನ ಜೀವ ಉಳಿಸಿದವಳು. ಅವಳನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಅವತ್ತಿನಿಂದ ನನ್ನ ಕಡೆಯ ಸಾಕ್ಷಿ ಅಂತ ಯಾರೂ ಉಳಿಯಲಿಲ್ಲ. ನನಗೆ ಹತ್ತು ತುಂಬಿತು. ಒಂದು ಕಣ್ಣು ಇಲ್ಲ, ಇನ್ನೊಂದು ಕೆಳಗೆ ಜಾರಿದೆ. ಹಾರುವುದು ನಿಂತು ಬಹಳ ಕಾಲವಾಯಿತು. ಇವತ್ತೋ ನಾಳೆಯೋ ಒಂದು ಬೆಳಿಗ್ಗೆ ನಾನು ತೇಲುತ್ತಿರುತ್ತೇನೆ. ಆಗಲೂ ಯಾರದೋ ಗಂಡಾಂತರವನ್ನು ನನ್ನ ಹೆಸರಿಗೆ ಬರೆಯುತ್ತಾರೆ, ತ್ಯಾಗಿ ಅನ್ನುತ್ತಾರೆ, ಹೂವು ಹಾಕಿ ಹೂಳುತ್ತಾರೆ. ಹೂಳುವವರು ಹೂಳಲಿ. ನಾನು ಯಾರಿಗಾಗಿಯೂ ಏನನ್ನೂ ತ್ಯಾಗ ಮಾಡಿದವನಲ್ಲ. ಯಾರ ಗ್ರಹಚಾರವೂ ನನಗೆ ಗೊತ್ತಿರಲಿಲ್ಲ.

ಅವಳು ಕರೆದಳು. ನಾನು ಹೋದೆ.